ಕಾದೇಶ್ ಒಪ್ಪಂದ: ಯಾರ ಗೋಡೆಯ ಮೇಲೆ ಯಾರ ಮಾತು?

ಬೆಣೆಲಿಪಿಯ ಒಂದು ಮಣ್ಣಿನ ಫಲಕದ ಚಿತ್ರ. ಮೇಲೆ "ಜಗತ್ತಿನ ಮೊಟ್ಟಮೊದಲ ಶಾಂತಿ ಒಪ್ಪಂದ" ಅಂತ ತಲೆಬರಹ. ಕೆಳಗೆ ಎರಡು ಸಾಲು: ಈಜಿಪ್ಟಿನ ಎರಡನೆಯ ರಾಮ್ಸೆಸ್ ಮತ್ತು ಹಿಟ್ಟೈಟ್ ದೊರೆ ಮೂರನೆಯ ಹತ್ತುಸಿಲಿ ಯುದ್ಧ ಸಾಕು ಎಂದು ಕೈಕುಲುಕಿದರು, ಇದರ ಪ್ರತಿಕೃತಿ ವಿಶ್ವಸಂಸ್ಥೆಯಲ್ಲಿದೆ. ಶಾಸನಾಸಕ್ತರ ಗುಂಪುಗಳಲ್ಲಿ ಈ ಪೋಸ್ಟು ಆಗಾಗ ಸುತ್ತುತ್ತಲೇ ಇರುತ್ತದೆ. ಓದಿದವರು ಕೈಮುಗಿದು ಮುಂದೆ ಹೋಗುತ್ತಾರೆ. ಒಪ್ಪಂದದ ಪಾಠವನ್ನು ಸಾಲುಸಾಲಾಗಿ ಓದಿದವರು ಮಾತ್ರ ಕಡಿಮೆ.

ಪಾಠ ಓದಿದರೆ ಕೈಕುಲುಕಿದ ಚಿತ್ರ ಉಳಿಯುವುದಿಲ್ಲ. ಅದರ ಜಾಗದಲ್ಲಿ ಬೇರೆಯೇ ಒಂದು ಸಂಗತಿ ಕಾಣುತ್ತದೆ, ಮತ್ತು ನನ್ನ ಮಟ್ಟಿಗೆ ಅದು ಇನ್ನೂ ಹೆಚ್ಚು ಬೆಲೆಯದು. ಗೆಲ್ಲಲಾಗದೆ ಸೈನ್ಯ ವಾಪಸು ಕರೆಸಿಕೊಂಡ ಮೇಲೆ, ಎದುರಾಳಿ ಇನ್ನೂ ಅಲ್ಲೇ ಕೂತಿರುವಾಗ, ಅವನ ಜೊತೆ ಮಾತಾಡುವುದು ಹೇಗೆ? ಮಾತಾಡಿದರೆ ಮನೆಯಲ್ಲಿ ಮುಖ ತೋರಿಸುವುದು ಹೇಗೆ? ಈ ಮಾತುಕತೆಯ ಖರ್ಚು ಯಾರ ತಲೆಗೆ? ಮೂರಕ್ಕೂ ಕಾದೇಶ್ ಒಪ್ಪಂದದಲ್ಲಿ ಉತ್ತರವಿದೆ. ಮೂರನೆಯ ಉತ್ತರ ಹಿತವಾದದ್ದಲ್ಲ.

ಮೊದಲು ಆ "ಮೊಟ್ಟಮೊದಲ" ಎಂಬ ಮಾತನ್ನು ಪಕ್ಕಕ್ಕಿಡೋಣ. ಕಾದೇಶ್ ಒಪ್ಪಂದ ಆಗಿದ್ದು ಸುಮಾರು ಕ್ರಿ.ಪೂ. 1259ರಲ್ಲಿ. ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದೆ ಮೆಸೊಪೊಟೇಮಿಯಾದ ಲಗಾಶ್ ಮತ್ತು ಉಮ್ಮ ಎಂಬ ಎರಡು ಊರುಗಳು ಹೊಲದ ಗಡಿಗಾಗಿ ಕಾದಾಡಿ, ದೇವರ ಮೇಲೆ ಆಣೆ ಇಟ್ಟ ಸಂಗತಿ ರಣಹದ್ದುಗಳ ಶಿಲೆ ಎಂದು ಹೆಸರಾದ ಕಲ್ಲಿನಲ್ಲಿದೆ. ಸಿರಿಯಾದ ಎಬ್ಲಾದಲ್ಲೂ ಹೆಚ್ಚುಕಡಿಮೆ ಅಷ್ಟೇ ಹಳೆಯ ಒಪ್ಪಂದದ ಫಲಕ ಸಿಕ್ಕಿದೆ. ಕಾದೇಶ್ ಒಪ್ಪಂದದ ವಿಶೇಷ ಬೇರೆ: ಇಲ್ಲಿ ಎರಡೂ ಪಕ್ಷಗಳ ಪ್ರತಿಗಳು ನಮ್ಮ ಕೈಗೆ ಸಿಕ್ಕಿವೆ. ಒಂದೇ ಒಪ್ಪಂದ, ಎರಡು ರಾಜಧಾನಿ, ಎರಡು ಭಾಷೆ, ಎರಡು ಲಿಪಿ. ಶಾಸನ ಓದುವವನಿಗೆ ಇಂಥ ಅದೃಷ್ಟ ಪದೇ ಪದೇ ಬರುವುದಿಲ್ಲ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಕಾದೇಶ್ ಇದ್ದದ್ದು ಇವತ್ತಿನ ಸಿರಿಯಾದಲ್ಲಿ, ಹೋಮ್ಸ್ ನಗರದ ಹತ್ತಿರ, ಒರೊಂಟಿಸ್ ನದಿಯ ದಂಡೆಯಲ್ಲಿ. ರಾಮ್ಸೆಸ್ ತನ್ನ ಆಳ್ವಿಕೆಯ 5ನೆಯ ವರ್ಷ, ಸುಮಾರು ಕ್ರಿ.ಪೂ. 1274ರಲ್ಲಿ, ನಾಲ್ಕು ದಳಗಳೊಂದಿಗೆ ಅಲ್ಲಿಗೆ ಹೋದ. ದಾರಿಯಲ್ಲಿ ಸಿಕ್ಕ ಇಬ್ಬರು "ಹಿಟ್ಟೈಟ್ ದೊರೆ ದೂರದ ಅಲೆಪ್ಪೋದಲ್ಲಿದ್ದಾನೆ" ಅಂದರು. ಆತ ನಂಬಿದ. ದೊರೆ ಮುವತಲ್ಲಿ ಕಾದೇಶ್ ಹಿಂದೆಯೇ ಕಾದು ಕೂತಿದ್ದ. ದಳಗಳು ಇನ್ನೂ ದಾರಿಯಲ್ಲಿ ಚದುರಿ ನಡೆಯುತ್ತಿದ್ದಾಗ ಹಿಟ್ಟೈಟ್ ರಥಗಳು ನುಗ್ಗಿ ಒಂದು ದಳವನ್ನೇ ಚೆಲ್ಲಾಪಿಲ್ಲಿ ಮಾಡಿದವು. ರಾಮ್ಸೆಸ್ ಬದುಕಿ ಉಳಿದ, ಸೈನ್ಯವೂ ಪೂರ್ತಿ ನಾಶವಾಗಲಿಲ್ಲ. ಆದರೆ ಕಾದೇಶ್ ಕೈಗೆ ಬರಲಿಲ್ಲ. ಅವನು ಸೈನ್ಯ ಕಟ್ಟಿಕೊಂಡು ದಕ್ಷಿಣಕ್ಕೆ ವಾಪಸಾದ.

ಈಗ ಇದನ್ನು ಗೋಡೆಯ ಮೇಲೆ ಹೇಗೆ ಬರೆಸಿದ್ದಾನೆ ನೋಡಿ. ಅಬಿಡೋಸ್, ಲಕ್ಸರ್, ಕಾರ್ನಾಕ್, ರಾಮೆಸಿಯಮ್, ಅಬು ಸಿಂಬೆಲ್ ದೇವಾಲಯಗಳಲ್ಲಿ ಈ ಯುದ್ಧ ಚಿತ್ರವಾಗಿ, ಬರಹವಾಗಿ ಕೆತ್ತಿಸಲ್ಪಟ್ಟಿದೆ. ಅಲ್ಲಿ ಸೈನಿಕರೆಲ್ಲ ಓಡಿಹೋಗುತ್ತಾರೆ, ರಾಜ ಒಬ್ಬನೇ ಅಮುನ್ ದೇವರನ್ನು ನೆನೆದು ಸಾವಿರಾರು ರಥಗಳನ್ನು ನದಿಗೆ ತಳ್ಳುತ್ತಾನೆ. ಕೊನೆಗೆ ಹಿಟ್ಟೈಟ್ ದೊರೆಯೇ ಪತ್ರ ಬರೆದು ಶಾಂತಿ ಬೇಡುತ್ತಾನೆ, ರಾಜ ದಯೆತೋರಿ ಮರಳುತ್ತಾನೆ. ಅಂದರೆ ಸೈನ್ಯ ಹಿಂತೆಗೆದದ್ದೇ ಇಲ್ಲಿ ಔದಾರ್ಯವಾಗಿ ಬರೆಯಲ್ಪಟ್ಟಿದೆ. ಹಿಟ್ಟೈಟ್ ಕಡೆಯ ದಾಖಲೆಯಲ್ಲಿ ಕಥೆ ತಿರುವುಮುರುವು: ಮುವತಲ್ಲಿ ಈಜಿಪ್ಟಿನ ರಾಜನನ್ನು ಸೋಲಿಸಿದ, ದಮಾಸ್ಕಸ್ ಸೀಮೆಯವರೆಗೂ ಹೋದ, ಈಜಿಪ್ಟಿನ ಕಡೆ ವಾಲಿದ್ದ ಅಮುರ್ರು ರಾಜ್ಯವನ್ನು ಮತ್ತೆ ಹಿಡಿದ. ಭೂಪಟ ಯಾರ ಮಾತಿಗೆ ಸಾಕ್ಷಿ ಅಂದರೆ, ಹಿಟ್ಟೈಟರದ್ದಕ್ಕೆ. ಮುಂದೆ ರಾಮ್ಸೆಸ್ ಮತ್ತೆ ಮತ್ತೆ ಸಿರಿಯಾಕ್ಕೆ ದಂಡೆತ್ತಿ ಹೋದ. ಕಾದೇಶ್ ಮತ್ತು ಅಮುರ್ರು ಎರಡೂ ಅವನಿಗೆ ದಕ್ಕಲಿಲ್ಲ.

ನಮ್ಮ ಶಾಸನಗಳನ್ನು ಓದಿ ಅಭ್ಯಾಸವಾದವರಿಗೆ ಈ ಧಾಟಿ ಹೊಸದಲ್ಲ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಹರ್ಷನ ಸೋಲನ್ನು ರವಿಕೀರ್ತಿ ಹೇಳಿದ ಬಗೆಯನ್ನು ನಾವೆಲ್ಲ ಬಲ್ಲೆವು. ಪ್ರಶಸ್ತಿ ಭಾಗವನ್ನು ಪ್ರಶಸ್ತಿಯಾಗಿ ಓದು, ದತ್ತಿ ಭಾಗಕ್ಕೆ ಬಂದಾಗ ಅಳತೆ, ಗಡಿ, ಸಾಕ್ಷಿ ನೋಡು ಅನ್ನೋದು ಶಾಸನ ಓದುವವರು ಮೊದಲು ಕಲಿಯುವ ಪಾಠ. ಕಾದೇಶ್ ವಿಷಯದಲ್ಲೂ ಅದೇ ಶಿಸ್ತು ಬೇಕು. ಯುದ್ಧದ ಗೋಡೆ ಪ್ರಶಸ್ತಿ. ಒಪ್ಪಂದ ದತ್ತಿ ಭಾಗದ ಹಾಗೆ, ಕಟ್ಟುಪಾಡಿನ ಬರಹ.

ಎರಡು ಪ್ರತಿಗಳು, ಅದಲುಬದಲು

ಯುದ್ಧವಾಗಿ ಸುಮಾರು 15 ವರ್ಷದ ಮೇಲೆ, ರಾಮ್ಸೆಸ್ ಆಳ್ವಿಕೆಯ 21ನೆಯ ವರ್ಷದಲ್ಲಿ ಒಪ್ಪಂದ ಆಯಿತು. ಮೂಲಗಳು ಬೆಳ್ಳಿಯ ಫಲಕಗಳು. ಅವು ಎರಡೂ ಸಿಕ್ಕಿಲ್ಲ. ಸಿಕ್ಕಿರುವುದು ಅವುಗಳ ನಕಲು. ಈಜಿಪ್ಟಿನಲ್ಲಿ ಕಾರ್ನಾಕ್ ದೇವಾಲಯದ ಗೋಡೆಯ ಮೇಲೆ ಹೈರೊಗ್ಲಿಫ್ ಚಿತ್ರಲಿಪಿಯಲ್ಲಿ ಒಂದು ಪಾಠ, ರಾಮೆಸಿಯಮ್ಮಿನಲ್ಲಿ ಅದರದೇ ಚೂರುಪಾರು. ಟರ್ಕಿಯ ಬೊಗಜ್‌ಕೊಯ್‌ನಲ್ಲಿ, ಅಂದರೆ ಹಿಟ್ಟೈಟ್ ರಾಜಧಾನಿ ಹತ್ತುಸದಲ್ಲಿ, 1906ರಲ್ಲಿ ಹ್ಯೂಗೋ ವಿಂಕ್ಲರ್ ಮತ್ತು ತಿಯೊಡೋರ್ ಮಕ್ರಿದಿ ನಡೆಸಿದ ಉತ್ಖನನದಲ್ಲಿ ಬೆಣೆಲಿಪಿಯ ಮಣ್ಣಿನ ಫಲಕಗಳು ಸಿಕ್ಕವು. ಅವುಗಳ ಭಾಷೆ ಹಿಟ್ಟೈಟ್ ಅಲ್ಲ, ಅಂದಿನ ರಾಯಭಾರದ ಭಾಷೆಯಾಗಿದ್ದ ಅಕ್ಕಾಡಿಯನ್. ಕಾರ್ನಾಕ್ ಪಾಠದ ಪರಿಚಯವಿದ್ದ ವಿಂಕ್ಲರ್‌ಗೆ ಕೈಯಲ್ಲಿರುವುದು ಏನೆಂದು ಕೂಡಲೇ ಗೊತ್ತಾಯಿತು.

ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿರುವ ಮಿತಾನಿ ಒಪ್ಪಂದವೂ ಇದೇ ಹತ್ತುಸದ ಸಂಗ್ರಹದ್ದು. ನಮ್ಮಲ್ಲಿ ಆ ನಾಲ್ಕು ಹೆಸರು ಗೊತ್ತಿಲ್ಲದವರಿಲ್ಲ. ಆದರೆ ಆ ಹೆಸರುಗಳು ಅಲ್ಲಿ ಬಂದದ್ದು ಒಪ್ಪಂದದ ಸಾಕ್ಷಿ ದೇವತೆಗಳಾಗಿ ಎಂಬುದನ್ನು ಬಿಟ್ಟೇ ಅದನ್ನು ಹಂಚಿಕೊಳ್ಳುತ್ತೇವೆ. ದೇವರ ಹೆಸರು ಹೆಕ್ಕಿಕೊಂಡು ಕರಾರನ್ನು ಓದದೆ ಬಿಡುವ ಚಾಳಿ ಅದು. ಕಾದೇಶ್ ಒಪ್ಪಂದಕ್ಕೂ ಅದೇ ಗತಿ: "ಶಾಂತಿ" ಎಂಬ ಪದ ಹೆಕ್ಕಿಕೊಂಡಿದ್ದೇವೆ.

ಈಗ ಮುಖ್ಯ ಮಾತು. ಕಾರ್ನಾಕ್ ಗೋಡೆಯ ಪಾಠವನ್ನು "ಈಜಿಪ್ಟಿನ ಪ್ರತಿ" ಅಂತ, ಹತ್ತುಸದ ಫಲಕವನ್ನು "ಹಿಟ್ಟೈಟ್ ಪ್ರತಿ" ಅಂತ ಕರೆಯುವುದು ರೂಢಿ. ಸಿಕ್ಕ ಜಾಗದ ಲೆಕ್ಕದಲ್ಲಿ ಸರಿ. ಮಾತು ಯಾರದು ಅನ್ನುವ ಲೆಕ್ಕದಲ್ಲಿ ಪೂರ್ತಿ ಉಲ್ಟಾ. ಕಾರ್ನಾಕ್‌ನಲ್ಲಿ ಕೆತ್ತಿರುವುದು ಹತ್ತುಸಿಲಿ ಕಳಿಸಿದ ಬೆಳ್ಳಿ ಫಲಕದ ಅನುವಾದ. ಅಲ್ಲಿ ಮಾತಾಡುವವನು ಹಿಟ್ಟೈಟ್ ದೊರೆ. ಹತ್ತುಸದಲ್ಲಿ ಸಿಕ್ಕಿರುವುದು ರಾಮ್ಸೆಸ್ ಕಳಿಸಿದ ಫಲಕದ ನಕಲು. ಅಲ್ಲಿ ಮಾತಾಡುವವನು ಈಜಿಪ್ಟಿನ ರಾಜ. ಗುತ್ತಿಗೆ ಕಾಗದಗಳ ಜೊತೆ ಏಗುವ ನನ್ನಂಥ ಇಂಜಿನಿಯರುಗಳಿಗೆ ಇದು ಪರಿಚಿತ ಪದ್ಧತಿ: ಅವರು ಸಹಿ ಹಾಕಿದ ಪ್ರತಿ ನಮ್ಮ ಕಡತದಲ್ಲಿ, ನಾವು ಸಹಿ ಹಾಕಿದ್ದು ಅವರ ಕಡತದಲ್ಲಿ. ನಾಳೆ ತಕರಾರು ಬಂದರೆ ಬೇಕಾಗುವುದು ಎದುರಾಳಿಯ ಮಾತು, ನಮ್ಮದಲ್ಲ.

ಹಾಗಾಗಿ 1970ರಲ್ಲಿ ಟರ್ಕಿ ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಕೊಟ್ಟ ತಾಮ್ರದ ಪ್ರತಿಕೃತಿ ಸ್ವಾರಸ್ಯದ ವಸ್ತು. ಹಿಟ್ಟೈಟ್ ನೆಲದ ವಾರಸುದಾರರಾಗಿ ಅವರು ಕೊಟ್ಟ ಉಡುಗೊರೆಯಲ್ಲಿ ದನಿ ಈಜಿಪ್ಟಿನ ರಾಮ್ಸೆಸ್‌ನದು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಶತ್ರುವಿನ ಮಾತನ್ನು ಜೋಪಾನವಾಗಿ ಕಾದಿಡುವುದೇ ಈ ಒಪ್ಪಂದದ ಯಂತ್ರದ ಮುಖ್ಯ ಬಿಡಿಭಾಗ.

ನಮ್ಮ ನಾಡಿನ ಚರಿತ್ರೆಯಲ್ಲೂ ಶತ್ರುವಿನ ಊರಿನಲ್ಲಿ ಕೆತ್ತಿದ ಬರಹಗಳುಂಟು. ಬಾದಾಮಿಯ ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮನ ಶಾಸನ. ಮುಂದಿನ ಶತಮಾನದಲ್ಲಿ ಕಂಚಿಯ ಕೈಲಾಸನಾಥ ದೇವಾಲಯದಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ಕನ್ನಡ ಶಾಸನ. ಎರಡೂ ಗೆದ್ದು ಒಳಹೊಕ್ಕವರು ಬರೆಸಿದ್ದು. ವಿಕ್ರಮಾದಿತ್ಯ ದೇವಾಲಯದ ಸೊತ್ತನ್ನು ದೇವರಿಗೇ ಬಿಟ್ಟುಕೊಟ್ಟೆ ಎಂದು ಬರೆಸಿದ, ಅದು ಅವನ ದೊಡ್ಡತನ. ಕಾರ್ನಾಕ್ ಬೇರೆ ಥರ: ಅಲ್ಲಿ ಶತ್ರುವಿನ ಮಾತು ಗೋಡೆಗೆ ಬಂದದ್ದು ಕತ್ತಿಯಿಂದಲ್ಲ, ದೂತನ ಕೈಯಿಂದ. ಗೋಡೆಯ ಯಜಮಾನನೇ ಕೂಲಿ ಕೊಟ್ಟು ಕೆತ್ತಿಸಿದ.

ಹೇಳಿದ್ದು, ಹೇಳದೆ ಬಿಟ್ಟದ್ದು

ಕೆತ್ತಿಸಿದ, ಸರಿ. ಆದರೆ ಹಾಗೇ ಬಿಡಲಿಲ್ಲ. ಕಾರ್ನಾಕ್ ಪಾಠಕ್ಕೆ ಮುಂದೆ ಒಂದು ಪೀಠಿಕೆ ಸೇರಿಸಿದ: ಹಿಟ್ಟೈಟ್ ದೂತರು ಮಹಾಪ್ರಭುವಿನಲ್ಲಿ ಶಾಂತಿ ಬೇಡಲು ಬೆಳ್ಳಿ ಫಲಕ ಹಿಡಿದು ಬಂದರು ಅಂತ. ಹತ್ತುಸದ ಫಲಕದಲ್ಲಿ ಬೇಡಿದ ಮಾತೇ ಇಲ್ಲ. ಬಿರುದುಗಳಲ್ಲೂ ಹಾಗೇ. ಅಕ್ಕಾಡಿಯನ್ ಪಾಠದಲ್ಲಿ ಇಬ್ಬರೂ "ಮಹಾರಾಜ"ರು, ಸಮಸಮ. ಕಾರ್ನಾಕ್‌ನಲ್ಲಿ ರಾಮ್ಸೆಸ್ "ಈಜಿಪ್ಟಿನ ಮಹಾ ಅಧಿಪತಿ", ಹತ್ತುಸಿಲಿ "ಹತ್ತಿಯ ದೊಡ್ಡ ನಾಯಕ". ಆ "ನಾಯಕ" ಎಂಬ ಪದ ಈಜಿಪ್ಟಿನವರು ಪರದೇಶದ ಯಾವ ದೊರೆಗೂ ಬಳಸುತ್ತಿದ್ದದ್ದು. ಮುಂದೆ "ದೊಡ್ಡ" ಸೇರಿಸಿ ಸಮಾಧಾನ ಮಾಡಿದ್ದಾರೆ.

ಕರಾರಿನ ಭಾಗ ಮಾತ್ರ ಎರಡೂ ಕಡೆ ಬಹುಮಟ್ಟಿಗೆ ಹೊಂದುತ್ತದೆ. ಒಬ್ಬರ ನೆಲಕ್ಕೆ ಇನ್ನೊಬ್ಬರು ನುಗ್ಗುವಂತಿಲ್ಲ. ಮೂರನೆಯವನು ದಾಳಿ ಮಾಡಿದರೆ ಕಾಲಾಳು, ರಥ ಕಳಿಸಿ ನೆರವಾಗಬೇಕು. ಓಡಿಬಂದವರನ್ನು ಹಿಂತಿರುಗಿಸಬೇಕು. ಹತ್ತುಸಿಲಿಯ ನಂತರ ಅವನ ಮಗನೇ ಪಟ್ಟಕ್ಕೆ ಬರುವಂತೆ ರಾಮ್ಸೆಸ್ ನೋಡಿಕೊಳ್ಳಬೇಕು. ಕೊನೆಗೆ ಹತ್ತಿಯ ಸಾವಿರ ದೇವರು, ಈಜಿಪ್ಟಿನ ಸಾವಿರ ದೇವರು ಸಾಕ್ಷಿ. ಮೀರಿದವನ ಮನೆ, ನಾಡು, ಸೇವಕರು ನಾಶವಾಗಲಿ ಎಂಬ ಶಾಪ. ಕವಿಲೆ, ವಾರಣಾಸಿ ಇಲ್ಲ ಅನ್ನೋದು ಬಿಟ್ಟರೆ ನಮ್ಮ ಶಾಪಾಶಯದ ಅಣ್ಣತಮ್ಮನೇ. ಕಾರ್ನಾಕ್ ಲಿಪಿಕಾರ ಇನ್ನೊಂದು ಉಪಕಾರ ಮಾಡಿದ್ದಾನೆ: ಬೆಳ್ಳಿ ಫಲಕದ ಮೇಲಿದ್ದ ಮುದ್ರೆಯನ್ನೂ ವರ್ಣಿಸಿದ್ದಾನೆ. ಒಂದು ಬದಿಯಲ್ಲಿ ದೇವರು ಹಿಟ್ಟೈಟ್ ದೊರೆಯನ್ನು ಅಪ್ಪಿಕೊಂಡ ಚಿತ್ರ, ಇನ್ನೊಂದು ಬದಿಯಲ್ಲಿ ದೇವಿ ರಾಣಿ ಪುದುಹೆಪಳನ್ನು ಅಪ್ಪಿಕೊಂಡ ಚಿತ್ರ. ಬೆಳ್ಳಿ ಕರಗಿಹೋಯಿತು, ಅದರ ವರ್ಣನೆ ಕಲ್ಲಿನಲ್ಲಿ ಉಳಿಯಿತು. ಸೀಲುಮೊಹರನ್ನೂ ದಾಖಲಿಸಿದ ಆ ಲಿಪಿಕಾರನಿಗೆ ನಾವು ಋಣಿ.

ಪಟ್ಟದ ಕರಾರನ್ನು ಎರಡು ಸಲ ಓದಬೇಕು. ಅದು ಒಂದೇ ಕಡೆಯದು. ರಾಮ್ಸೆಸ್‌ನ ಮಗನಿಗೆ ಅಂಥ ಭರವಸೆ ಬೇಕಿರಲಿಲ್ಲ. ಹತ್ತುಸಿಲಿಗೆ ಬೇಕಿತ್ತು, ಯಾಕೆಂದರೆ ಅವನು ಅಣ್ಣ ಮುವತಲ್ಲಿಯ ಮಗ ಉರ್ಹಿ-ತೆಶುಬ್‌ನನ್ನು ಸಿಂಹಾಸನದಿಂದ ತಳ್ಳಿ ದೊರೆಯಾದವನು. ಪೂರ್ವದಲ್ಲಿ ಅಸ್ಸೀರಿಯಾ ಬೆಳೆಯುತ್ತಿತ್ತು. ಪದಚ್ಯುತ ಉರ್ಹಿ-ತೆಶುಬ್ ತಪ್ಪಿಸಿಕೊಂಡು ಕೊನೆಗೆ ಈಜಿಪ್ಟಿನ ಆಶ್ರಯ ಸೇರಿದ. ವೈರಿಯನ್ನು ಕಳಿಸು ಅಂದರೂ ಈಜಿಪ್ಟಿನ ರಾಜ ಕಳಿಸಲಿಲ್ಲ, ಅದಕ್ಕೇ ನಮ್ಮಿಬ್ಬರಿಗೂ ಮನಸ್ತಾಪವಾಯಿತು ಅಂತ ಹತ್ತುಸಿಲಿ ಬ್ಯಾಬಿಲೋನಿನ ದೊರೆಗೆ ಬರೆದ ಪತ್ರವೇ ಇದೆ. ಹಾಗಾಗಿ ರಾಮ್ಸೆಸ್ ಮಾತುಕತೆಗೆ ಕೂತದ್ದು ಬರೀ ಹಳೆಯ ಶತ್ರುವಿನ ಜೊತೆಯಲ್ಲ, ಅಧಿಕಾರ ಕಿತ್ತುಕೊಂಡವನ ಜೊತೆ. ಹತ್ತುಸಿಲಿಗೆ ನೆಲಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಮಾನ್ಯತೆ. ರಾಮ್ಸೆಸ್ ಬಳಿ ಕೊಡಲು ಇದ್ದದ್ದೂ ಅದೇ.

ಇನ್ನು ಹೇಳದೆ ಬಿಟ್ಟದ್ದು. ಮೊದಲನೆಯದು, ಕಾದೇಶ್‌ನಲ್ಲಿ ಗೆದ್ದವರು ಯಾರು ಎಂಬ ಮಾತಿಲ್ಲ. ಹತ್ತುಸಿಲಿಯ ಪಾಠದಲ್ಲಿ ಯುದ್ಧದ ಪ್ರಸ್ತಾಪ ಒಂದು ಕಡೆ ಬರುತ್ತದೆ: ನನ್ನ ಅಣ್ಣ ಮುವತಲ್ಲಿಯ ಕಾಲದಲ್ಲಿ ಅವನು ಈಜಿಪ್ಟಿನೊಡನೆ ಕಾದಿದ, ಇನ್ನು ಮುಂದೆ ಹಾಗಲ್ಲ ಎಂಬ ಅರ್ಥದಲ್ಲಿ. ಎಲ್ಲ ಭಾರವೂ ಸತ್ತವನ ತಲೆಗೆ! ಆ ದಂಡಯಾತ್ರೆಯಲ್ಲಿ ಕಾಲಾಳು, ರಥಗಳನ್ನು ಕರೆದೊಯ್ದು ತಾನೂ ಹೋಗಿದ್ದೆ ಅಂತ ಇದೇ ಹತ್ತುಸಿಲಿ ತನ್ನ ಆತ್ಮಕಥನದ ಪಾಠದಲ್ಲಿ ಹೆಮ್ಮೆಯಿಂದ ಬರೆಸಿದ್ದಾನೆ. ಎರಡನೆಯದು, ಗಡಿ ಎಲ್ಲಿ ಎಂಬ ಮಾತಿಲ್ಲ. ಒಂದು ಗದ್ದೆ ದಾನ ಕೊಟ್ಟರೂ ನಾಲ್ಕು ದಿಕ್ಕಿನ ಮೇರೆ ಬರೆಯುವ ಶಾಸನಗಳನ್ನು ಓದಿದವರಿಗೆ ಇದು ವಿಚಿತ್ರ ಅನ್ನಿಸಬೇಕು. ಬರೆದಿದ್ದರೆ ಕಾದೇಶ್ ಬಿಟ್ಟುಕೊಟ್ಟೆ ಅಂತ ರಾಮ್ಸೆಸ್ ಗೋಡೆಯ ಮೇಲೆ ಒಪ್ಪಿಕೊಳ್ಳಬೇಕಾಗುತ್ತಿತ್ತು. ಬರೆಯದೇ ಬಿಟ್ಟಿದ್ದರಿಂದ ನೆಲ ಇದ್ದವರ ಕೈಯಲ್ಲೇ ಉಳಿಯಿತು, ಕಥೆ ಅವರವರ ಗೋಡೆಯಲ್ಲೇ ಉಳಿಯಿತು.

ಇದನ್ನು ಬರೀ ಮೋಸ ಅಂತ ತಳ್ಳಿಹಾಕುವವರಿದ್ದಾರೆ. "ಎರಡೂ ಕಡೆ ಸುಳ್ಳು, ಇದರಲ್ಲಿ ಏನು ಶಾಂತಿ" ಅನ್ನುವ ಟೀಕೆ. ನಾನು ಒಪ್ಪುವುದಿಲ್ಲ. ಇಬ್ಬರೂ ತಮ್ಮ ಪ್ರಶಸ್ತಿ ಅಳಿಸಿದ ಮೇಲೆಯೇ ಮಾತು ಅಂತ ಹಟ ಹಿಡಿದಿದ್ದರೆ ಬೆಳ್ಳಿ ಫಲಕ ಹೊರಡುತ್ತಲೇ ಇರಲಿಲ್ಲ. ಕಾರ್ನಾಕ್ ಸಮುಚ್ಚಯದಲ್ಲಿ ಕಾದೇಶ್ ವಿಜಯವೂ ಇದೆ, ಆ ವಿಜಯದಲ್ಲಿ ಸೋತನೆನ್ನುವ ರಾಜ್ಯದ ಜೊತೆಗಿನ ಸಹೋದರತ್ವವೂ ಇದೆ. ಒಂದನ್ನು ಕೆರೆದು ಇನ್ನೊಂದನ್ನು ಬರೆಯಲಿಲ್ಲ. ಮನೆಯವರಿಗೆ ಒಂದು ಬರಹ, ಎದುರಾಳಿಗೆ ಇನ್ನೊಂದು ಬರಹ. ಎರಡನೆಯದರಲ್ಲಿ ಆಡಿದ ಮಾತಿಗೆ ನಡೆದುಕೊಂಡರೆ ಸಾಕು ಎಂಬುದು ಅದರ ತರ್ಕ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬರಹ ನಿಜವೇ ಎಂಬುದಲ್ಲ, ನಡೆದುಕೊಂಡರೇ ಎಂಬುದು.

ಗೋಡೆ ಹೇಳದ್ದನ್ನು ಓಲೆ ಹೇಳುತ್ತದೆ

ನಡೆದುಕೊಂಡರು. ಇದಕ್ಕೆ ಸಾಕ್ಷಿ ಹತ್ತುಸದಲ್ಲಿ ಸಿಕ್ಕ ಪತ್ರವ್ಯವಹಾರ. ಓದುತ್ತಾ ಹೋದರೆ ಇದು ಪ್ರೀತಿಯ ಸಂಬಂಧವಲ್ಲ ಎಂದು ಸ್ಪಷ್ಟವಾಗುತ್ತದೆ. ನನ್ನನ್ನು ಆಳಿನ ಥರ ಕಂಡು ಬರೆಯುತ್ತೀಯ ಅಂತ ಹತ್ತುಸಿಲಿ ಗೊಣಗುತ್ತಾನೆ, ರಾಮ್ಸೆಸ್ ಸಮಜಾಯಿಷಿ ಕೊಡುತ್ತಾನೆ. ತನ್ನ ಕಾದೇಶ್ ಕಥೆಯನ್ನು ಪತ್ರವೊಂದರಲ್ಲಿ ಹಿಟ್ಟೈಟ್ ಆಸ್ಥಾನಕ್ಕೂ ಹೇಳಲು ಅವನು ಹಿಂಜರಿಯಲಿಲ್ಲ. ಹತ್ತುಸಿಲಿ ತನ್ನ ಅಕ್ಕನಿಗೆ ಮಕ್ಕಳಾಗಲು ವೈದ್ಯನನ್ನು ಕಳಿಸು ಅಂದಾಗ, ಅವಳಿಗೆ ಐವತ್ತೋ ಅರವತ್ತೋ ಆಗಿದೆಯಲ್ಲ ಅಂತ ರಾಮ್ಸೆಸ್ ನೇರವಾಗಿ ಬರೆಯುತ್ತಾನೆ, ಆದರೂ ಜನರನ್ನು ಕಳಿಸಲು ಒಪ್ಪುತ್ತಾನೆ.

ಮದುವೆಯ ಪ್ರಸಂಗ ಇನ್ನೂ ಚೆನ್ನ. ರಾಮ್ಸೆಸ್‌ನ 34ನೆಯ ವರ್ಷ ಹತ್ತುಸಿಲಿಯ ಮಗಳು ಈಜಿಪ್ಟಿಗೆ ಮದುವೆಯಾಗಿ ಬಂದಳು. ಅಬು ಸಿಂಬೆಲ್‌ನ ಮದುವೆ ಶಾಸನ ಪಕ್ಕಾ ಪ್ರಶಸ್ತಿ: ಹತ್ತಿ ನಾಡಿಗೆ ಬರ ಬಂತು, ದೇವರು ಮುನಿದ, ಇದ್ದಬದ್ದದ್ದೆಲ್ಲ ಕಪ್ಪವಾಗಿ ಕೊಟ್ಟು, ಮುಂದೆ ಮಗಳನ್ನು ನಡೆಸಿಕೊಂಡು ಶರಣಾಗೋಣ ಎಂದು ದೊರೆ ತನ್ನವರಿಗೆ ಹೇಳಿದ ಅಂತ. ಅದೇ ಮದುವೆಯ ಬಗ್ಗೆ ರಾಣಿ ಪುದುಹೆಪ ಬರೆಸಿದ ಪತ್ರವೂ ಸಿಕ್ಕಿದೆ. ಮಗಳನ್ನು ಕಳಿಸಲು ಯಾಕೆ ತಡ ಅಂತ ಕೇಳಿದ್ದಕ್ಕೆ ಆಕೆ, ನಮ್ಮ ಉಗ್ರಾಣ ಸುಟ್ಟಿತು, ಉಳಿದದ್ದನ್ನು ಉರ್ಹಿ-ತೆಶುಬ್ ದೇವರಿಗೆ ಕೊಟ್ಟುಬಿಟ್ಟ, ಅವನು ಹೇಗೂ ನಿಮ್ಮಲ್ಲೇ ಇದ್ದಾನಲ್ಲ, ಹೌದೋ ಅಲ್ಲವೋ ಅವನನ್ನೇ ಕೇಳು ಅನ್ನುತ್ತಾಳೆ. ನಮ್ಮಿಂದ ಸಿರಿವಂತನಾಗಬೇಕು ಎಂಬ ಆಸೆ ನಿನ್ನಂಥ ದೊರೆಗೆ ಒಪ್ಪುವುದಿಲ್ಲ ಎಂಬರ್ಥದ ಮಾತನ್ನೂ ಸೇರಿಸುತ್ತಾಳೆ. ಗೋಡೆಯ ಮೇಲೆ ಶರಣಾಗತಿ, ಓಲೆಯಲ್ಲಿ ಗದರಿಕೆ. ಕಲ್ಲನ್ನು ಮಾತ್ರ ಓದಿದವರಿಗೆ ಈ ಪುದುಹೆಪ ಸಿಗುವುದೇ ಇಲ್ಲ.

ಮುಂದೆ ರಾಮ್ಸೆಸ್‌ನ ಮಗ ಮೆರ್ನೆಪ್ತಾ ಹತ್ತಿ ನಾಡನ್ನು ಬದುಕಿಸಲು ಹಡಗಿನಲ್ಲಿ ಧಾನ್ಯ ಕಳಿಸಿದೆ ಎಂದು ಕಾರ್ನಾಕ್‌ನಲ್ಲಿ ಬರೆಸಿದ. ಎರಡೂ ರಾಜ್ಯಗಳು ಮತ್ತೆ ಪರಸ್ಪರ ಯುದ್ಧಕ್ಕೆ ನಿಂತ ದಾಖಲೆಯಿಲ್ಲ. ಕ್ರಿ.ಪೂ. 12ನೆಯ ಶತಮಾನದ ಮೊದಲಲ್ಲಿ ಹಿಟ್ಟೈಟ್ ಸಾಮ್ರಾಜ್ಯವೇ ಕುಸಿಯುವವರೆಗೂ ಮಾತು ನಿಂತಿತು. ಕರಾರು ಗಟ್ಟಿಯಾಗಿದ್ದಕ್ಕೆ ಹೀಗಾಯಿತು ಅನ್ನುವುದಕ್ಕಿಂತ, ಕರಾರಿನ ನಂತರವೂ ದೂತರು ಓಡಾಡುತ್ತಲೇ ಇದ್ದದ್ದರಿಂದ ಹೀಗಾಯಿತು ಅನ್ನುವುದು ನನಗೆ ಸರಿ ಕಾಣುತ್ತದೆ. ವೈದ್ಯ, ವರದಕ್ಷಿಣೆ, ಧಾನ್ಯ, ಬೈಗುಳ, ಎಲ್ಲವೂ ಆ ಓಡಾಟದ ಸರಕು.

ಸಹಿ ಹಾಕದವರು

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಆ ಪೋಸ್ಟಿನವರ ಸಾಲಿಗೇ ಸೇರುತ್ತೇನೆ. ಈ ಒಪ್ಪಂದದಲ್ಲಿ ಹೆಸರೇ ಇಲ್ಲದವರು ಇದ್ದಾರೆ. ಅಮುರ್ರು ರಾಜ್ಯದ ಬೆಂತೆಶಿನ ಈಜಿಪ್ಟನ್ನು ನಂಬಿ ಹಿಟ್ಟೈಟರ ಕೈಬಿಟ್ಟವನು. ಕಾದೇಶ್ ಯುದ್ಧಕ್ಕೆ ಅದೂ ಒಂದು ಕಾರಣ. ರಾಮ್ಸೆಸ್ ಹಿಂದಿರುಗಿದ ಮೇಲೆ ಮುವತಲ್ಲಿ ಅವನನ್ನು ಪದವಿಯಿಂದ ಇಳಿಸಿ ಹತ್ತಿಗೆ ಎಳೆದೊಯ್ದ. ಅವನು ಬದುಕಿದ್ದು, ಮುಂದೆ ಪುನಃ ಅಮುರ್ರುವಿನ ಗದ್ದುಗೆ ಏರಿದ್ದು ಹತ್ತುಸಿಲಿಯ ಕೃಪೆಯಿಂದ, ಬೀಗತನವೂ ಬೆಳೆಯಿತು. ಅಂದರೆ ಈಜಿಪ್ಟಿನ ಹಳೆಯ ಮಿತ್ರ ತನ್ನ ದಾರಿಯನ್ನು ಶತ್ರುವಿನ ಮನೆಯಲ್ಲೇ ಹುಡುಕಿಕೊಂಡ. ಸಹೋದರತ್ವದ ಪಾಠದಲ್ಲಿ ಅಮುರ್ರು ಎಂಬ ಹೆಸರಿಗೆ ಜಾಗವಿಲ್ಲ, ಯಾವ ನೆಲಕ್ಕಾಗಿ ಯುದ್ಧವಾಯಿತೋ ಆ ಕಾದೇಶ್‌ನ ಜನಕ್ಕೂ ಇಲ್ಲ.

ಇನ್ನು ಓಡಿಬಂದವರ ಕರಾರು. ದೊಡ್ಡವರಾಗಲಿ ಹೆಸರಿಲ್ಲದ ಸಾಮಾನ್ಯರಾಗಲಿ, ಹಿಡಿದು ಒಪ್ಪಿಸಬೇಕು. ಅದರ ಜೊತೆ ಒಂದು ಕ್ಷಮೆಯ ಸಾಲೂ ಇದೆ: ಹಾಗೆ ಮರಳಿದವನ ಮನೆ, ಹೆಂಡತಿ, ಮಕ್ಕಳಿಗೆ ಕೇಡಾಗಬಾರದು, ಅವನ ಕಣ್ಣು, ಕಿವಿ, ಬಾಯಿ, ಕಾಲುಗಳಿಗೆ ಊನ ಮಾಡಬಾರದು ಅಂತ. ಮೂರು ಸಾವಿರ ವರ್ಷ ಹಿಂದೆ ಇಂಥ ಸಾಲು ಬರೆದರಲ್ಲ ಅಂತ ಮೆಚ್ಚುತ್ತೇವೆ. ಮೆಚ್ಚಬೇಕಾದ್ದೇ. ಆದರೆ ಅಂಗಗಳನ್ನು ಒಂದೊಂದಾಗಿ ಹೆಸರಿಸಿದ್ದಾರೆ ಅಂದರೆ, ಅವುಗಳನ್ನು ಕೀಳುವ ರೂಢಿ ಎಲ್ಲರಿಗೂ ಗೊತ್ತಿತ್ತು ಅಂತ ಅರ್ಥ. ಆ ಸಾಲಿಗೆ ಸಾವಿರ ದೇವರುಗಳ ಸಾಕ್ಷಿಯಿದೆ, ಹೋಗಿ ನೋಡಿಬರುವ ಒಬ್ಬ ಮನುಷ್ಯನ ಹೆಸರಿಲ್ಲ.

ಈ ಎರಡು ಖಾಲಿ ಜಾಗಗಳನ್ನು ಕಂಡಾಗ ನಮ್ಮ ಕಾಲದ ಒಂದು ಬರಹ ನೆನಪಾಗುತ್ತದೆ. 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಸಹಿ ಹಾಕಿದ ಒಪ್ಪಂದ. ಅದರಲ್ಲಿ ತಾಲಿಬಾನ್ ಹೆಸರು ಬಂದ ಕಡೆಯೆಲ್ಲ ಉದ್ದನೆಯ ಒಂದು ಬಿರುದು: ಅಫ್ಘಾನಿಸ್ತಾನದ ಇಸ್ಲಾಮಿಕ್ ಎಮಿರೇಟ್, ಅದನ್ನು ಅಮೆರಿಕ ರಾಜ್ಯವೆಂದು ಮಾನ್ಯ ಮಾಡಿಲ್ಲ, ತಾಲಿಬಾನ್ ಎಂದು ಪರಿಚಿತ, ಹೀಗೆ. ಕಾರ್ನಾಕ್‌ನ "ದೊಡ್ಡ ನಾಯಕ" ಮಾಡಿದ ಕೆಲಸವನ್ನೇ ಇದೂ ಮಾಡುತ್ತದೆ: ಹೆಸರು ಹೇಳಿದ ಹಾಗೂ ಇರಬೇಕು, ಒಪ್ಪದ ಹಾಗೂ ಇರಬೇಕು. ಆಗಿನ ಕಾಬೂಲ್ ಸರ್ಕಾರ ಆ ಒಪ್ಪಂದದ ಪಕ್ಷವೇ ಆಗಿರಲಿಲ್ಲ. ಅದರ ಸೆರೆಮನೆಗಳಲ್ಲಿದ್ದ 5,000 ತಾಲಿಬಾನ್ ಕೈದಿಗಳವರೆಗೆ ಬಿಡುಗಡೆಯಾಗಬೇಕು ಎಂಬ ಸಾಲು ಮಾತ್ರ ಅದರಲ್ಲಿತ್ತು. ಅಮುರ್ರು ಮತ್ತೆ ಹೊರಗೆ.

2021ರ ಆಗಸ್ಟ್‌ನಲ್ಲಿ ಸೈನ್ಯ ಹೊರಟಿತು, ಸರ್ಕಾರ ಬಿತ್ತು, ತಾಲಿಬಾನ್ ಸಾರ್ವತ್ರಿಕ ಕ್ಷಮೆ ಘೋಷಿಸಿತು. ಎರಡು ವರ್ಷದ ನಂತರ ಅಲ್ಲಿನ ವಿಶ್ವಸಂಸ್ಥೆಯ ನಿಯೋಗ ಹಳೆಯ ಸರ್ಕಾರದ ನೌಕರರು, ಸೈನಿಕರ ಪೈಕಿ ಕನಿಷ್ಠ 218 ಮಂದಿಯ ಕಾನೂನುಬಾಹಿರ ಹತ್ಯೆಗಳನ್ನು ದಾಖಲಿಸಿತು. ಕಣ್ಣು, ಕಿವಿ, ಬಾಯಿ, ಕಾಲಿನ ಸಾಲು ಬರೆದರೆ ಸಾಲದು, ಎಣಿಸಲು ಯಾರಾದರೂ ಇರಬೇಕು ಅನ್ನೋದಕ್ಕೆ ಈ ಸಂಖ್ಯೆ ಸಾಕ್ಷಿ. ದೇವರ ಸಾಕ್ಷಿಗಿಂತ ನಮ್ಮ ಕಾಲ ಮುಂದುವರಿದಿದ್ದರೆ, ಮುಂದುವರಿದದ್ದು ಇಷ್ಟರಲ್ಲೇ: ಎಣಿಸುವವರು ಇದ್ದಾರೆ.

ಹಾಗಂತ ಮಾತಾಡಲೇಬಾರದು ಅಂತಲ್ಲ. ನಮ್ಮ ದೇಶವೇ 2022ರ ಜೂನ್‌ನಲ್ಲಿ ಕಾಬೂಲಿನ ರಾಯಭಾರ ಕಚೇರಿಗೆ ತಾಂತ್ರಿಕ ತಂಡ ಕಳಿಸಿತು, 2025ರ ಅಕ್ಟೋಬರ್‌ನಲ್ಲಿ ಅದನ್ನು ಮತ್ತೆ ಪೂರ್ಣ ರಾಯಭಾರ ಕಚೇರಿಯ ಮಟ್ಟಕ್ಕೆ ಏರಿಸಿತು. ಆ ಆಡಳಿತಕ್ಕೆ ವಿಧ್ಯುಕ್ತ ಮಾನ್ಯತೆ ಕೊಡದೆಯೇ. ಗೋಧಿ, ಔಷಧಿ ಕಳಿಸಬೇಕಾದರೆ ಯಾರ ಜೊತೆಗಾದರೂ ಮಾತಾಡಲೇಬೇಕು. ಮೆರ್ನೆಪ್ತಾನ ಧಾನ್ಯದ ಹಡಗೂ ಹಾಗೇ ಹೋದದ್ದು. ಬಾಗಿಲು ಮುಚ್ಚಿ ಕೂತರೆ ಉಪವಾಸ ಬೀಳುವವರು ಗದ್ದುಗೆಯಲ್ಲಿರುವವರಲ್ಲ. ಕಾದೇಶ್ ಒಪ್ಪಂದದ ಪರವಾಗಿ ನಾನು ಹೇಳುವ ಮಾತೂ ಇದೇ. ಅದರ ಮೇಲೆ ನನ್ನ ಆಕ್ಷೇಪ ಶತ್ರುವಿನ ಜೊತೆ ಮಾತಾಡಿದ್ದಕ್ಕಲ್ಲ. ಮಾತಾಡುವಾಗ ಯಾರನ್ನು ಹೊರಗೆ ನಿಲ್ಲಿಸಿದರು ಅನ್ನುವುದಕ್ಕೆ.

ಆದ್ದರಿಂದ ಆ ಚಿತ್ರ ಮತ್ತೆ ನಿಮ್ಮ ಮೊಬೈಲಿಗೆ ಬಂದಾಗ ಅಳಿಸಬೇಡಿ, ಹಂಚಿ. ತಲೆಬರಹ ಮಾತ್ರ ಬದಲಿಸಿ: ಎರಡೂ ಕಡೆಯ ಪ್ರತಿ ಉಳಿದಿರುವ ಅತ್ಯಂತ ಹಳೆಯ ಒಪ್ಪಂದ, ಚಿತ್ರದಲ್ಲಿರುವುದು ಹಿಟ್ಟೈಟರು ಕಾದಿಟ್ಟುಕೊಂಡ ರಾಮ್ಸೆಸ್‌ನ ಮಾತು. ಕೆಳಗೆ ಇನ್ನೊಂದು ಸಾಲು ಸೇರಿಸಲು ಜಾಗವಿದ್ದರೆ, ಅಮುರ್ರುವಿನ ಹೆಸರು ಬರೆಯಿರಿ. ಫಲಕದಲ್ಲಿ ಅದು ಇಲ್ಲ.